ಕಾರ್ಬನ್ ಫಿಲ್ಟರ್ ದಾಟಿ ಬಂದ ನೀರಲ್ಲೂ ಮೀನು ಸತ್ತಿವೆ, ಕ್ಲೋರಿನ್ ವಾಸನೆ ಮಾತ್ರ ಇಲ್ಲವೇ ಇಲ್ಲ

ಕೆಂಪುರೆಕ್ಕೆ

ನಮಸ್ಕಾರ. ಮೂರು ವರ್ಷದಿಂದ 120 ಲೀಟರಿನ ತೊಟ್ಟಿಯಲ್ಲಿ ಗೋಲ್ಡ್ ಫಿಶ್ ಸಾಕ್ತಿದ್ದೇನೆ. ವಾರಕ್ಕೊಮ್ಮೆ 40 ಲೀಟರ್ ಹಳೇ ನೀರು ತೆಗೆದು ಹೊಸದು ಹಾಕೋದು ರೂಢಿ. ನಲ್ಲಿಗೆ ಹತ್ತಿಂಚಿನ ಕಾರ್ಬನ್ ಫಿಲ್ಟರ್ ಇದೆ, ಒಳಗೆ ಹರಳು ಇದ್ದಿಲಿನ ಕಾರ್ಟ್ರಿಜ್. ಅದರಿಂದ ಹಿಡಿದ ನೀರನ್ನೂ ನಂಬದೆ ಒಂದು ರಾತ್ರಿ ಬಕೆಟ್‌ನಲ್ಲಿ ಬಾಯಿ ತೆರೆದಿಟ್ಟು, ಬೆಳಿಗ್ಗೆ ತೊಟ್ಟಿಗೆ ಹಾಕ್ತೀನಿ. ಮೂರು ವರ್ಷ ಒಂದು ಮೀನಿಗೂ ಏನೂ ಆಗಿರಲಿಲ್ಲ.

ಹೋದ ಭಾನುವಾರವೂ ಹಾಗೇ ಮಾಡಿದೆ. ಅರ್ಧ ಗಂಟೆ ಕಳೆದು ಬಂದು ನೋಡಿದರೆ ಐದೂ ಮೀನು ಮೇಲೆ ಬಂದು ಬಾಯಿ ಪಚಪಚ ಮಾಡ್ತಿವೆ. ದೊಡ್ಡದು ಮೂಲೆಯಲ್ಲಿ ವಾಲಿಕೊಂಡು ನಿಂತಿತ್ತು. ಕಿವಿರು ಒಂದೇ ಸಮನೆ ಬಡಿದುಕೊಳ್ತಿತ್ತು. ಗಾಳಿ ಪಂಪ್ ಜೋರು ಮಾಡಿದೆ, ಇನ್ನೇನು ತೋಚಲಿಲ್ಲ. ಸಂಜೆಗೆ ಎರಡು ಹೋದವು. ತೆಗೆದು ನೋಡಿದಾಗ ಕಿವಿರು ಕೆಂಪಗಿರಲಿಲ್ಲ, ಒಂಥರಾ ಮಾಸಲು ಕಂದು.

ಕಾರ್ಟ್ರಿಜ್ ಹಾಕಿ ಆರು ವಾರವೂ ಆಗಿಲ್ಲ. ನೀರನ್ನು ಮೂಸಿದೆ, ಕುಡಿದೂ ನೋಡಿದೆ. ಕ್ಲೋರಿನ್ನಿನ ಸುಳಿವೇ ಇಲ್ಲ. ನನಗೆ ಕೊಟ್ಟಿರೋ ಕಾರ್ಟ್ರಿಜ್ ನಕಲಿಯಾ? ಇನ್ನೂ ಮೂರು ಮೀನು ಬದುಕಿವೆ. ಅವಕ್ಕೆ ನೀರು ಬದಲಿಸೋಕೆ ಕೈ ನಡುಗ್ತಿದೆ.

ಸೋಮಾರಿ ಸಾಕಣೆ

ಒಂದು ರಾತ್ರಿ ಸಾಲದು ಅಣ್ಣ. ಎರಡು ದಿನ ಬಿಸಿಲಿಗೆ ಇಡಿ, ಕ್ಲೋರಿನ್ ಹಾರಿಹೋಗುತ್ತೆ. ನಾನು ಫಿಲ್ಟರ್ ಗಿಲ್ಟರ್ ಏನೂ ಇಟ್ಟಿಲ್ಲ, ನನ್ನ ಮೀನು ಚೆನ್ನಾಗೇ ಇವೆ.

ಅಳತೆಗಾರ

ಕಾರ್ಟ್ರಿಜ್ ನಕಲಿ ಅಂತಲೇ ನನ್ನ ಅನುಮಾನ. ಟಿಡಿಎಸ್ ಮೀಟರ್ ಹಿಡಿದು ಫಿಲ್ಟರಿನ ಮುಂಚೆ ಮತ್ತು ಆಮೇಲೆ ಅಳೆದು ನೋಡಿ. ನಮ್ಮನೇಲಿ ಎರಡೂ ಕಡೆ ಒಂದೇ ಅಂಕಿ ಬಂತು. ಅವತ್ತೇ ಕಿತ್ತೆಸೆದೆ.

ಬೆಳಗಿನ ಪಾಳಿ

ಅಳತೆಗಾರರೇ, ಬೇಜಾರು ಮಾಡ್ಕೋಬೇಡಿ, ಒಳ್ಳೇ ಫಿಲ್ಟರನ್ನೇ ಕಿತ್ತೆಸೆದಿರಬಹುದು. ಟಿಡಿಎಸ್ ಮೀಟರ್ ಅಳೆಯೋದು ನೀರಲ್ಲಿ ಕರಗಿರೋ ಲವಣಗಳನ್ನ. ಇದ್ದಿಲು ಲವಣವನ್ನ ಮುಟ್ಟೋದೇ ಇಲ್ಲ. ಗಡಸುತನ, ಫ್ಲೋರೈಡ್, ನೈಟ್ರೇಟ್ ಎಲ್ಲಾ ಹೇಗೆ ಬಂದವೋ ಹಾಗೇ ಆಚೆ ಹೋಗ್ತವೆ. ಆ ಮೀಟರಿನಲ್ಲಿ ಕ್ಲೋರಿನ್ ಹುಡುಕೋದು ತಕ್ಕಡಿ ಹಿಡಿದು ಜ್ವರ ನೋಡಿದ ಹಾಗೆ.

ಕೆಂಪುರೆಕ್ಕೆ ಅವರೇ, ಕಾರ್ಟ್ರಿಜ್ ಅನ್ನು ಬೈಯೋಕೆ ಮುಂಚೆ ಒಂದು ಪ್ರಶ್ನೆ: ನಿಮ್ಮ ನಲ್ಲಿಗೆ ನೀರು ಕೊಡುವವರು ಹಾಕ್ತಿರೋದು ಬರೀ ಕ್ಲೋರಿನ್ನೋ, ಅಮೋನಿಯಾ ಸೇರಿದ ಕ್ಲೋರಮೈನೋ? ಇತ್ತೀಚೆಗೆ ಬದಲಾಯಿಸಿದ್ದಾರಾ? ಮೂರು ವರ್ಷ ನಡೆದ ಕ್ರಮ ಒಂದು ಭಾನುವಾರ ಏಕಾಏಕಿ ಕೈಕೊಟ್ಟಿದೆ ಅಂದರೆ ನನ್ನ ಬೆರಳು ಮೊದಲು ಅಲ್ಲಿಗೇ ಹೋಗುತ್ತೆ. ಕಂದು ಕಿವಿರು ಅಂದಿರಲ್ಲ, ಅದನ್ನ ಓದಿದಾಗ ಅನುಮಾನ ಇನ್ನೂ ಗಟ್ಟಿಯಾಯ್ತು.

ನಾನು ಡಯಾಲಿಸಿಸ್ ಘಟಕಕ್ಕೆ ನೀರು ಶುದ್ಧ ಮಾಡಿಕೊಡೋ ಕೆಲಸದವನು. ಕ್ಲೋರಮೈನ್ ಜೊತೆ ದಿನಾ ಗುದ್ದಾಟ. ನಾವು ಕುಡಿದರೆ ಅದು ಹೊಟ್ಟೆಯಲ್ಲೇ ಮುರಿದುಹೋಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯೋ ನೀರಲ್ಲಿ ಲೀಟರಿಗೆ 3 ಮಿಲಿಗ್ರಾಂವರೆಗೂ ಸರಿ ಅನ್ನುತ್ತೆ. ಆದರೆ ರಕ್ತಕ್ಕೆ ನೇರವಾಗಿ ಸೇರಿದರೆ ಕೆಂಪು ಕಣಗಳನ್ನೇ ಒಡೆಯುತ್ತೆ, ಹಿಮೋಗ್ಲೋಬಿನ್ ಆಮ್ಲಜನಕ ಹೊರದ ಹಾಗೆ ಮಾಡಿಬಿಡುತ್ತೆ, ರಕ್ತ ಕಂದು ತಿರುಗುತ್ತೆ. ಡಯಾಲಿಸಿಸ್ ಯಂತ್ರದಲ್ಲಿ ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಯಲ್ಲಿ 120 ಲೀಟರ್ ನೀರು ರೋಗಿಯ ರಕ್ತದ ಪಕ್ಕ ಹರಿಯುತ್ತೆ, ನಡುವೆ ತೆಳ್ಳನೆ ಪೊರೆ ಮಾತ್ರ. ಅದಕ್ಕೇ ನಮ್ಮ ಗಡಿ ಲೀಟರಿಗೆ ಒಟ್ಟು ಕ್ಲೋರಿನ್ (ಕ್ಲೋರಮೈನೂ ಸೇರಿ) 0.1 ಮಿಲಿಗ್ರಾಂ. ಮೀನಿನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಅದರ ಕಿವಿರು ಅಂದರೆ ರಕ್ತ ಮತ್ತು ನೀರಿನ ನಡುವಿನ ತೆಳ್ಳನೆ ಪೊರೆ ತಾನೇ. ನಿಮ್ಮ ಕುಡಿದು ನೋಡೋ ಪರೀಕ್ಷೆ ಅದಕ್ಕೆ ಅನ್ವಯಿಸೋದಿಲ್ಲ.

ಈಗ ಇದ್ದಿಲಿನ ವಿಷಯ. ಬಹಳ ಜನ ಇದನ್ನ ಜರಡಿ ಅಂದ್ಕೊಂಡಿದ್ದಾರೆ, ಕ್ಲೋರಿನ್ ಒಳಗೆ ಸಿಕ್ಕಿಕೊಂಡು ಕೂತುಬಿಡುತ್ತೆ ಅಂತ. ಹಾಗಲ್ಲ. ಇದ್ದಿಲಿನ ಮೈಗೆ ತಾಗಿದ ಕ್ಲೋರಿನ್ ಅಲ್ಲೇ ಕ್ಲೋರೈಡ್ ಆಗುತ್ತೆ, ಅಂದರೆ ಉಪ್ಪಿನಲ್ಲಿರೋ ಅದೇ ನಿರುಪದ್ರವಿ ರೂಪ. ಒಂದು ಆಮ್ಲಜನಕದ ಪರಮಾಣು ಇದ್ದಿಲಿಗೆ ಅಂಟಿಕೊಳ್ಳುತ್ತೆ. ಇದು ಕಣ್ಣು ಮಿಟುಕಿಸೋದರಲ್ಲಿ ಮುಗಿಯೋ ಕೆಲಸ. ಹಾಗಾಗಿ ನಲ್ಲಿ ಪೂರ್ತಿ ತಿರುಗಿಸಿದರೂ ಕಾರ್ಟ್ರಿಜ್ ಕ್ಲೋರಿನ್ನನ್ನ ನಿಭಾಯಿಸುತ್ತೆ.

ಕ್ಲೋರಮೈನ್ ಅಂದರೆ ಕ್ಲೋರಿನ್ನಿಗೆ ಅಮೋನಿಯಾ ಸೇರಿಸಿ ಮಾಡಿದ್ದು. ಇದು ಮೊಂಡ. ಇದ್ದಿಲಿನ ಮೇಲೆ ಒಡೆಯುತ್ತೆ, ಆದರೆ ನಿಧಾನಕ್ಕೆ. ನೀರು ಇದ್ದಿಲಿನ ಜೊತೆ ಎಷ್ಟು ಹೊತ್ತು ಕೂತಿತ್ತು ಅನ್ನೋದೇ ಇಲ್ಲಿ ಮುಖ್ಯ. ಬಕೆಟ್‌ನಲ್ಲಿ ಇಟ್ಟರೆ ಹಾರಿಹೋಗೋ ಜಾತಿಯೂ ಅಲ್ಲ, ದಿನಗಟ್ಟಲೆ ಹಾಗೇ ಇರುತ್ತೆ. ಮೂಗಿಗೂ ಅಷ್ಟಾಗಿ ಹೊಡೆಯಲ್ಲ.

ನಮ್ಮಲ್ಲಿ ಎರಡು ದೊಡ್ಡ ಇದ್ದಿಲಿನ ಟ್ಯಾಂಕ್ ಒಂದರ ಹಿಂದೆ ಒಂದು ಇರ್ತವೆ. ಲೆಕ್ಕ ಏನಂದರೆ ಒಂದೊಂದರಲ್ಲೂ 5 ನಿಮಿಷ, ಒಟ್ಟು 10 ನಿಮಿಷ ನೀರು ಇದ್ದಿಲಿನ ಜೊತೆ ಇರಬೇಕು. ಒಂದು ಸಲ ಬೆಳಿಗ್ಗೆ ಐದೂವರೆಗೆ ಎಂದಿನ ಹಾಗೆ ಮೊದಲ ಟ್ಯಾಂಕ್ ದಾಟಿದ ನೀರು ಹಿಡಿದು, ಕ್ಲೋರಿನ್ ಇದ್ದರೆ ಗುಲಾಬಿ ಆಗೋ ಪುಡಿ ಹಾಕಿ ಅಲುಗಾಡಿಸಿದೆ. ಬಿಳಿ ಕಾಗದದ ಮುಂದೆ ಹಿಡಿದರೆ ಮಸುಕು ಗುಲಾಬಿ. ಇನ್ನೊಂದು ಸಲ ಮಾಡಿದೆ, ಮತ್ತೆ ಗುಲಾಬಿ. 0.3. ಎರಡನೇ ಟ್ಯಾಂಕ್ ಆದ ಮೇಲೆ ನೋಡಿದರೆ 0.1ರ ಅಂಚಲ್ಲಿ ಬಂದು ನಿಂತಿದೆ. ಹೊರಗೆ ಮೊದಲ ಪಾಳಿಯ ರೋಗಿಗಳು ಆಗಲೇ ಬಂದು ಕೂತಿದ್ದರು. ಯಾರನ್ನೂ ಯಂತ್ರಕ್ಕೆ ಹಾಕಬೇಡಿ ಅಂತ ಹೇಳಿದೆ, ಎಲ್ಲರ ಬೈಗುಳ ತಿಂದೆ. ಇದ್ದಿಲು ತುಂಬಿಸಿ ಎರಡೇ ತಿಂಗಳಾಗಿತ್ತು, ಹಾಗಾಗಿ ಎಲ್ಲರೂ ಇದ್ದಿಲು ಕಳಪೆ ಅಂತ ಬೊಬ್ಬೆ ಹೊಡೆದರು. ಕೊನೆಗೆ ನೋಡಿದರೆ ಹಿಂದಿನ ದಿನ ಕೆಟ್ಟ ಪಂಪ್ ತೆಗೆದು ಬೇರೆ ಪಂಪ್ ಕೂರಿಸಿದ್ದರು. ಅದು ಮೊದಲಿನದಕ್ಕಿಂತ ದುಪ್ಪಟ್ಟು ನೀರು ತಳ್ಳುತ್ತಿತ್ತು. ಹತ್ತು ನಿಮಿಷ ಐದಾಗಿತ್ತು, ಅಷ್ಟೇ. ವಾಲ್ವ್ ತಿರುಗಿಸಿ ಹರಿವು ತಗ್ಗಿಸಿದ ಮೇಲೆ ಅದೇ ಇದ್ದಿಲು ಆರು ವಾರ ದುಡಿಯಿತು.

ಅದಕ್ಕೇ ಒಂದು ಕೆಲಸ ಮಾಡಿ. ಒಂದು ಲೀಟರ್ ಜಗ್ ತಗೊಂಡು ನೀವು ಮಾಮೂಲಾಗಿ ಹಿಡಿಯೋ ವೇಗದಲ್ಲೇ ಫಿಲ್ಟರ್ ನೀರು ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತೆ ಹೇಳಿ. ಹಾಗೇ ನೀರಿನ ಕ್ಲೋರಿನ್ ಅಳೆಯೋ ಡಿಪಿಡಿ ಕಿಟ್ ತರಿಸಿ. ಬಿಡಿ ಕ್ಲೋರಿನ್ (ಅಮೋನಿಯಾ ಜೊತೆ ಸೇರದ್ದು) ಮತ್ತು ಒಟ್ಟು ಕ್ಲೋರಿನ್ ಎರಡನ್ನೂ ತೋರಿಸೋದೇ ಬೇಕು. ಒಂದನೇ ಗುಳಿಗೆ ಬಿಡಿ ಕ್ಲೋರಿನ್ನಿಗೆ, ಅದನ್ನ ಹಾಕಿದ ನಿಮಿಷದೊಳಗೆ ಓದಿಬಿಡಿ. ಕ್ಲೋರಮೈನ್ ಇದ್ದರೆ ಸುಮ್ಮನೆ ಇಟ್ಟಷ್ಟೂ ಗುಲಾಬಿ ಏರುತ್ತಾ ಹೋಗಿ ದಾರಿ ತಪ್ಪಿಸುತ್ತೆ. ಆಮೇಲೆ ಅದೇ ನೀರಿಗೆ ಮೂರನೇ ಗುಳಿಗೆ ಸೇರಿಸಿದರೆ ಒಟ್ಟು ಕ್ಲೋರಿನ್, ಅದಕ್ಕೆ ಎರಡು ಮೂರು ನಿಮಿಷ ಕಾಯಬೇಕು. ಒಟ್ಟರಲ್ಲಿ ಬಿಡಿಯನ್ನ ಕಳೆದರೆ ಉಳಿದದ್ದು ಕ್ಲೋರಮೈನ್.

ಅಲ್ಲಿಯವರೆಗೆ ನೀರು ಬದಲಿಸಬೇಡಿ. ಮೇವು ಅರ್ಧ ಮಾಡಿ.

ಕೆಂಪುರೆಕ್ಕೆ

ಸರ್, ತಲೆ ಚಚ್ಚಿಕೊಳ್ಳೋ ಹಾಗಾಗಿದೆ. ನೀರಿನ ಬಿಲ್ಲಿನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿದೆ: ಈ ತಿಂಗಳಿಂದ ಸೋಂಕುನಿವಾರಣೆಗೆ ಕ್ಲೋರಮೈನ್ ಬಳಸುತ್ತೇವೆ, ಮೀನು ಸಾಕುವವರೂ ಡಯಾಲಿಸಿಸ್ ಮಾಡಿಸಿಕೊಳ್ಳುವವರೂ ಗಮನಿಸಿ ಅಂತ. ಬಿಲ್ ನೋಡೋದು ಮೊತ್ತಕ್ಕೆ ಮಾತ್ರ ಅಲ್ವಾ ನಾವು.

ಜಗ್ ಒಂಬತ್ತು ಸೆಕೆಂಡಿಗೆ ತುಂಬಿತು.

ಕಿಟ್ ನಿನ್ನೆ ಬಂತು. ಬರೆದಿಟ್ಟಿದ್ದೇನೆ. ನೇರ ನಲ್ಲಿ ನೀರು: ಬಿಡಿ 0.1, ಒಟ್ಟು 1.8. ಫಿಲ್ಟರ್ ಆದ ಮೇಲೆ, ಪೂರ್ತಿ ತಿರುಗಿಸಿ: ಒಟ್ಟು 1.2. ಅದೇ ನೀರು ರಾತ್ರಿಯಿಡೀ ಬಕೆಟ್‌ನಲ್ಲಿ ಇಟ್ಟ ಮೇಲೆ: 1.1. ಅಂದರೆ ನಾನು ಇಷ್ಟು ದಿನ ಆ ಬಕೆಟ್ಟುಗಳಿಗೆ ರಾತ್ರಿ ಕಾವಲು ಕಾದದ್ದು ದಂಡ. ಕುತೂಹಲಕ್ಕೆ ನಲ್ಲಿಯನ್ನ ಸಣ್ಣಗೆ ಮಾಡಿ ನಿಮಿಷಕ್ಕೆ ಅರ್ಧ ಲೀಟರ್ ಬರೋ ಹಾಗೆ ಬಿಟ್ಟೆ. 0.5ಕ್ಕೆ ಇಳಿಯಿತು! ಅದೇ ಕಾರ್ಟ್ರಿಜ್, ಅದೇ ನೀರು.

ಬೆಳಗಿನ ಪಾಳಿ

ನೋಡಿ, ಕಾರ್ಟ್ರಿಜ್ ನಿರಪರಾಧಿ.

ಲೆಕ್ಕ ಸುಲಭ. ಇದ್ದಿಲು ಆಕ್ರಮಿಸಿರೋ ಜಾಗವನ್ನ ಹರಿವಿನಿಂದ ಭಾಗಿಸಬೇಕು. ಹತ್ತಿಂಚಿನ ಕಾರ್ಟ್ರಿಜ್ ಒಳಗೆ ಸುಮಾರು ಮುಕ್ಕಾಲು ಲೀಟರ್ ಇದ್ದಿಲು ಅಂತ ಇಟ್ಕೊಳ್ಳಿ. ಒಂಬತ್ತು ಸೆಕೆಂಡಿಗೆ ಲೀಟರ್ ಅಂದರೆ ನೀರಿಗೂ ಇದ್ದಿಲಿಗೂ ಸಿಕ್ಕ ಒಡನಾಟ ಏಳು ಸೆಕೆಂಡಿನಷ್ಟು. ಕ್ಲೋರಿನ್ನಿಗೆ ಅದು ಸಾಕಾಗಿತ್ತು, ಅದಕ್ಕೇ ಮೂರು ವರ್ಷ ನಡೆಯಿತು. ಕ್ಲೋರಮೈನ್ ಏಳು ಸೆಕೆಂಡಲ್ಲಿ ಬಾಗಿಲು ತಟ್ಟಿ ಹೋಗುತ್ತೆ ಅಷ್ಟೇ. ಅರ್ಧ ಲೀಟರಿಗೆ ಇಳಿಸಿದಾಗ ಒಂದೂವರೆ ನಿಮಿಷ ಸಿಕ್ಕಿತು, ಫಲಿತಾಂಶ ನೀವೇ ನೋಡಿದಿರಿ. ನಮ್ಮ ಹತ್ತು ನಿಮಿಷ ಬೇಕಿದ್ದರೆ ನಿಮಿಷಕ್ಕೆ 75 ಮಿಲಿಲೀಟರ್. 40 ಲೀಟರಿಗೆ ಒಂಬತ್ತು ಗಂಟೆ. ರಾತ್ರಿ ಮಲಗುವಾಗ ತೊಟ್ಟಿಕ್ಕೋಕೆ ಬಿಟ್ಟರೆ ಬೆಳಿಗ್ಗೆ ಸಿದ್ಧ. ಬಕೆಟ್ಟಿಗೆ ಕಾವಲು ಹೇಗೂ ಅಭ್ಯಾಸ ಇದೆಯಲ್ಲ!

ಕ್ಯಾಟಲಿಟಿಕ್ ಕಾರ್ಬನ್ ಅಂತ ಬೇರೆ ಬಗೆ ಇದೆ. ಕರಟದ ಇದ್ದಿಲೋ ಕಲ್ಲಿದ್ದಲೋ, ಅದರ ಮೈಯನ್ನ ಹದ ಮಾಡಿ ಕ್ಲೋರಮೈನ್ ಬೇಗ ಒಡೆಯೋ ಹಾಗೆ ತಯಾರಿಸಿರ್ತಾರೆ. ಅದಾದರೆ ಇಷ್ಟು ಕಾಯಬೇಕಿಲ್ಲ. ಆದರೂ ಏಳು ಸೆಕೆಂಡನ್ನ ನಾನು ನಂಬಲ್ಲ. ಪೊಟ್ಟಣದ ಮೇಲೆ ಬರೀ ಕ್ಲೋರಿನ್ ಅಂತಿದ್ದರೆ ಅದು ಕ್ಲೋರಿನ್ನಿಗೆ ಮಾತ್ರ. ಕ್ಲೋರಮೈನ್ ಅಂತ ಬಿಡಿಸಿ ಬರೆದಿರಬೇಕು, ಎಷ್ಟು ಹರಿವಿಗೆ ಅಂತಲೂ ಇರಬೇಕು. ಚಳಿಗಾಲದಲ್ಲಿ ನೀರು ತಣ್ಣಗಾದರೆ ಈ ಕೆಲಸ ಇನ್ನೂ ನಿಧಾನ. ಇವತ್ತಿನ ಅಳತೆ ಆಗಲೂ ಹಾಗೇ ಬರುತ್ತೆ ಅಂದ್ಕೋಬೇಡಿ.

ಇನ್ನೊಂದು ಎಡವಟ್ಟು ಇದೆ. ಕ್ಲೋರಮೈನ್ ಒಡೆದಾಗ ಅದರೊಳಗಿದ್ದ ಅಮೋನಿಯಾ ಎಲ್ಲಿಗೆ ಹೋಯ್ತು? ನೀರಲ್ಲೇ ಇದೆ. ಇದ್ದಿಲು ಅದನ್ನ ಹಿಡಿಯಲ್ಲ. ಅದರಲ್ಲೂ ಹೊಸ ಇದ್ದಿಲಲ್ಲಿ ಮೊದಮೊದಲು ಬಿಡುಗಡೆ ಆಗೋದು ಹೆಚ್ಚಾಗಿ ಅಮೋನಿಯಾವೇ. ಕ್ರಮೇಣ ಇದ್ದಿಲಿನ ಮೈಮೇಲೆ ಆಮ್ಲಜನಕ ಕೂತ ಮೇಲೆ ಒಂದಷ್ಟು ಸಾರಜನಕ ಅನಿಲವಾಗಿ ಹೊರಟುಹೋಗುತ್ತೆ. ನಿಮ್ಮ 1.8ಕ್ಕೆ ಲೆಕ್ಕ ಹಾಕಿದರೆ ಸಾರಜನಕದ ಲೆಕ್ಕದಲ್ಲಿ 0.35 ಮಿಲಿಗ್ರಾಂ ಆಸುಪಾಸಿನ ಅಮೋನಿಯಾ ಬರಬಹುದು. ಇದರ ವಿಷ ಎಷ್ಟು ಅನ್ನೋದು ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಅದರ ಮೇಲೆ ನಿಂತಿದೆ. ಪಿಎಚ್ 7ರಲ್ಲಿ ಅಮೋನಿಯಾದ ಶೇಕಡಾ 0.5ರಷ್ಟು ಮಾತ್ರ ವಿಷದ ರೂಪದಲ್ಲಿರುತ್ತೆ, 8ಕ್ಕೆ ಬಂದರೆ ಶೇಕಡಾ 5. ನಿಮ್ಮ ತೊಟ್ಟಿ ಎಷ್ಟು ಅಳೆದಿದ್ದೀರಾ? ಮೀನಿನ ವಿಷಯಕ್ಕೆ ಇನ್ನು ಸಾಕುವವರು ಯಾರಾದರೂ ಹೇಳಲಿ, ನನ್ನದು ಪೈಪಿನ ತನಕ.

ಸೋಮಾರಿ ಸಾಕಣೆ

ಮೇಲೆ ಬಿಸಿಲಿನ ಉಪದೇಶ ಕೊಟ್ಟವನು ನಾನೇ, ವಾಪಸ್ ತಗೊಂಡೆ. ನಮ್ಮ ಕಡೆ ಬರೀ ಕ್ಲೋರಿನ್, ಹಾಗಾಗಿ ನನ್ನ ಸೋಮಾರಿತನ ನಡೀತಿದೆ ಅಂತ ಕಾಣುತ್ತೆ.

ಅಮೋನಿಯಾ ವಿಷಯಕ್ಕೆ ಬಂದರೆ, ಮೂರು ವರ್ಷದ ತೊಟ್ಟಿ ಅಂದರೆ ಒಳಗಿನ ಸ್ಪಂಜು, ಕಲ್ಲುಗಳ ಮೇಲೆ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಬೇಕಾದಷ್ಟು ಇರಬೇಕು. ಆ ಚೂರು ಅಮೋನಿಯಾವನ್ನ ಅವು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ಮುಗಿಸ್ತವೆ. ಆದರೆ ಹೋದ ಭಾನುವಾರ ಕ್ಲೋರಮೈನ್ ಬಿದ್ದಿದೆಯಲ್ಲ, ಅವಕ್ಕೂ ಏಟು ತಾಗಿರುತ್ತೆ. ಹಾಗಾಗಿ ಎರಡು ವಾರ ದಿನಾ ಅಮೋನಿಯಾ, ನೈಟ್ರೈಟ್ ಎರಡೂ ನೋಡಿ. ಸ್ಪಂಜನ್ನ ನಲ್ಲಿ ನೀರಲ್ಲಿ ತೊಳೀಬೇಡಿ ದಯವಿಟ್ಟು, ತೊಟ್ಟಿಯಿಂದ ತೆಗೆದ ಹಳೇ ನೀರಲ್ಲೇ ಹಿಂಡಿ. ಒಂದೇ ಸಲ 40 ಲೀಟರ್ ಬದಲು ಹತ್ತತ್ತು ಲೀಟರ್ ಬದಲಿಸಿ.

ಇನ್ನು ನೀರಿನ ಕ್ಲೋರಿನ್ ಮುರಿಯೋಕೆ ಹಾಕೋ ಹನಿ ಔಷಧಿ. ಬರೀ ಸೋಡಿಯಂ ಥಯೋಸಲ್ಫೇಟ್ ಇರೋದಾದರೆ ಕ್ಲೋರಮೈನಿನ ಕ್ಲೋರಿನ್ ಪಾಲನ್ನ ಕ್ಷಣದಲ್ಲಿ ಮುಗಿಸುತ್ತೆ, ಅಮೋನಿಯಾ ಮಾತ್ರ ಹಾಗೇ ಬಿಡುತ್ತೆ. ಅಮೋನಿಯಾವನ್ನೂ ಕಟ್ಟಿಹಾಕುತ್ತೆ ಅಂತ ಬರೆದಿರೋದನ್ನ ಹುಡುಕಿ. ಒಂದು ಬಾಟಲಿ ಮನೇಲಿ ಇರಲೇಬೇಕು, ಎಷ್ಟು ದೊಡ್ಡ ಫಿಲ್ಟರ್ ಇದ್ದರೂ.

ಹಿತ್ತಲಗಿಡ

ನಡುವೆ ಬಾಯಿ ಹಾಕ್ತಿದ್ದೇನೆ. ನನ್ನ ಹತ್ರ ಮೀನಿಲ್ಲ, ಆದರೆ ಇದನ್ನೆಲ್ಲ ಓದಿ ಕುಡಿಯೋ ನೀರಿನ ಬಗ್ಗೆ ದಿಗಿಲಾಗ್ತಿದೆ. ಇಷ್ಟು ಮೊಂಡ ವಸ್ತುವನ್ನ ಯಾಕಾದರೂ ನೀರಿಗೆ ಹಾಕ್ತಾರೆ? ಮಕ್ಕಳಿಗೆ ಕುಡಿಸೋ ನೀರಿಗೂ ನಾನು ಇದೇ ತರಹದ ಕಾರ್ಬನ್ ಫಿಲ್ಟರ್ ಇಟ್ಟಿರೋದು. ಒಂದು ತಿಂಗಳು ಮನೆ ಬೀಗ ಹಾಕಿ ಹೋಗಿ ಬಂದೆವು. ಮೊದಲ ಲೋಟ ಹಿಡಿದರೆ ಪಾಚಿ ಹಿಡಿದ ಹೂದಾನಿಯ ವಾಸನೆ.

ಬೆಳಗಿನ ಪಾಳಿ

ಮೇಡಂ, ದಿಗಿಲು ಬೇಡ. ಮೊಂಡತನವೇ ಅದರ ಗುಣ. ಮೈಲಿಗಟ್ಟಲೆ ಪೈಪಿನ ಕಟ್ಟಕಡೆಯ ಮನೆವರೆಗೂ ಸವೆಯದೆ ಹೋಗಬೇಕಲ್ಲ, ಬಿಡಿ ಕ್ಲೋರಿನ್ ಅರ್ಧ ದಾರಿಯಲ್ಲೇ ಸೋತುಬಿಡುತ್ತೆ. ಇನ್ನೊಂದು ಕಾರಣ, 1974ರಲ್ಲಿ ನೆದರ್ಲೆಂಡ್ಸ್‌ನ ಯೋಹಾನ್ನೆಸ್ ರೋಕ್ ಅನ್ನೋ ರಸಾಯನಶಾಸ್ತ್ರಜ್ಞ ತೋರಿಸಿಕೊಟ್ಟದ್ದು: ನೀರಲ್ಲಿರೋ ಎಲೆ, ಮಣ್ಣಿನ ಕೊಳೆತ ಅಂಶದ ಜೊತೆ ಕ್ಲೋರಿನ್ ಸೇರಿದರೆ ಕ್ಲೋರೋಫಾರ್ಮ್ ಮತ್ತು ಅದರ ಬಳಗ ಹುಟ್ಟುತ್ತೆ. ಕ್ಲೋರಮೈನ್ ಅವನ್ನ ಬಹಳ ಕಡಿಮೆ ಮಾಡುತ್ತೆ. ಇವನ್ನ ಇದ್ದಿಲು ನಿಜವಾಗಿಯೂ ಹಿಡಿದಿಟ್ಟುಕೊಳ್ಳುತ್ತೆ, ಒಡೆಯೋದಲ್ಲ. ಹಾಗಾಗಿ ಜಾಗ ಬೇಗ ಭರ್ತಿ. ನಾಲಿಗೆಗೆ ಕ್ಲೋರಿನ್ ತಾಗೋ ಮುಂಚೆಯೇ ಕ್ಲೋರೋಫಾರ್ಮ್ ನುಸುಳೋಕೆ ಶುರುವಾಗಿರುತ್ತೆ. ರುಚಿ ಚೆನ್ನಾಗಿದೆ ಅಂತ ಕಾರ್ಟ್ರಿಜ್ ಎಳೆದಾಡಬೇಡಿ, ಹೇಳಿದ ಲೀಟರ್ ಮುಗಿದಾಗ ಬದಲಿಸಿ.

ಪಾಚಿ ವಾಸನೆಗೆ ಕಾರಣವೂ ಇದೇ ಇದ್ದಿಲು. ಕಾವಲು ಕಾಯೋ ಕ್ಲೋರಿನ್ನನ್ನ ಇದ್ದಿಲೇ ತೆಗೆದುಹಾಕಿದೆ. ಒಂದು ಗ್ರಾಂ ಒಳ್ಳೇ ಇದ್ದಿಲಿಗೆ ಸಾವಿರ ಚದರ ಮೀಟರಿನಷ್ಟು ಒಳಮೈ ಇರುತ್ತೆ ಅಂತಾರೆ. ಬ್ಯಾಕ್ಟೀರಿಯಾ ಅದರ ಸಣ್ಣ ರಂಧ್ರಕ್ಕೆ ನುಗ್ಗಲಾರದು ನಿಜ, ಹೊರಮೈಯಲ್ಲೇ ಹಾಯಾಗಿ ಮನೆ ಮಾಡುತ್ತೆ. ತಿಂಗಳು ನಿಂತ ಕಾರ್ಟ್ರಿಜ್ ಆದರೆ ನಾನಂತೂ ಎಸೀತೀನಿ. ದಿನಾ ಬೆಳಿಗ್ಗೆ ಮೊದಲ ನೀರು ಒಂದರ್ಧ ನಿಮಿಷ ಹರಿಯಬಿಡಿ, ಗಿಡಕ್ಕೆ ಹಾಕಿ. ಬಾವಿ, ಕೆರೆ ನೀರಿಗೆ ಬರೀ ಇದ್ದಿಲನ್ನೇ ನಂಬಿ ಕುಡಿಯೋದು ಮಾತ್ರ ಬೇಡವೇ ಬೇಡ. ಅದು ರೋಗಾಣು ಕೊಲ್ಲೋ ಸಾಧನ ಅಲ್ಲ.

ಕೆಂಪುರೆಕ್ಕೆ

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಆಯ್ತು, ಸುದ್ದಿ ಹೇಳೋಣ ಅಂತ ಬಂದೆ. ಮೂರೂ ಮೀನು ಬದುಕಿವೆ. ಅಮೋನಿಯಾ ನಾಲ್ಕನೇ ದಿನ 0.5 ತೋರಿಸಿತು. ಸೋಮಾರಿ ಸಾಕಣೆಯವರು ಹೇಳಿದ ಬಾಟಲಿ ಕೈಗೆ ಬಂದಿತ್ತು, ಹಾಕಿದೆ. ಮೊನ್ನೆಯಿಂದ ಸೊನ್ನೆ. ಪಿಎಚ್ 7.4.

ನಿಮಿಷಕ್ಕೆ 75 ಮಿಲಿಲೀಟರ್ ಹೊಂದಿಸೋಕೆ ನಲ್ಲಿ ಜೊತೆ ಅರ್ಧ ಗಂಟೆ ಕುಸ್ತಿ ಆಡಿದೆ. ಕೂದಲೆಳೆಯಷ್ಟು ತಿರುಗಿಸಿದರೂ ಎರಡಷ್ಟು ಬರುತ್ತೆ. ಕೊನೆಗೆ ಸಣ್ಣ ಸೂಜಿ ವಾಲ್ವ್ ಹಾಕಿಸಿದೆ. ಬೆಳಿಗ್ಗೆ ಬಕೆಟ್ ನೀರಿಗೆ ಒಂದನೇ, ಮೂರನೇ ಗುಳಿಗೆ ಹಾಕಿ ಮೂರು ನಿಮಿಷ ಕಾದೆ. ಬಣ್ಣವೇ ಬರಲಿಲ್ಲ, ಗುಳಿಗೆ ಹಾಕಿದ್ದೇನಾ ಇಲ್ವಾ ಅಂತ ಅನುಮಾನ ಬಂದು ನೇರ ನಲ್ಲಿ ನೀರಿಗೂ ಹಾಗೇ ಹಾಕಿ ನೋಡಿದೆ. ಅದು ಗಾಢ ಗುಲಾಬಿ.

ಒಂದೇ ತೊಂದರೆ. ರಾತ್ರಿಯಿಡೀ ಟಪ್ ಟಪ್ ಅಂತ ಸದ್ದು, ಮನೆಯವರ ನಿದ್ದೆ ಹಾಳು. ಪೈಪ್ ಉದ್ದ ಮಾಡಿ ಅದರ ತುದಿಯನ್ನ ಬಕೆಟ್ ತಳಕ್ಕೆ ಇಳಿಸಿಬಿಡಲಾ?

ಬೆಳಗಿನ ಪಾಳಿ

ಪೈಪನ್ನ ನೀರೊಳಗೆ ಮುಳುಗಿಸಬೇಡಿ. ಒತ್ತಡ ಇಳಿದಾಗ ಬಕೆಟ್ ನೀರು ವಾಪಸ್ ಫಿಲ್ಟರಿಗೆ ಎಳೆದುಕೊಳ್ಳಬಹುದು. ಒಂದು ಹತ್ತಿ ದಾರ ತಗೊಂಡು ಒಂದು ತುದಿಯನ್ನ ನಲ್ಲಿಯ ಮೂತಿಗೆ ಕಟ್ಟಿ, ಇನ್ನೊಂದು ತುದಿ ಬಕೆಟ್ಟಿನೊಳಗೆ ಇಳಿಬಿಡಿ. ನೀರು ದಾರದಗುಂಟ ಸದ್ದಿಲ್ಲದೆ ಇಳಿಯುತ್ತೆ. ದಾರ ಬಿಳೀದಿರಲಿ, ಬಣ್ಣದ್ದು ಬೇಡ.